ರೆವಿಟ್‌ನಲ್ಲಿ ಮನೆಯ ದೀಪಗಳು: ಬೋರ್ಡಿನಿಂದ ಆರಂಭಿಸುವುದು ಏಕೆ

ನಮ್ಮಲ್ಲಿ ಮನೆಯ ವೈರಿಂಗಿನ ದಾರಿ ಬಹುಪಾಲು ಮೋಲ್ಡ್ ಹಾಕುವುದಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಕಂಬಿ ಕಟ್ಟಿ ಮುಗಿದು ಕಾಂಕ್ರೀಟ್ ಸುರಿಯುವುದಕ್ಕೆ ಮೊದಲು ಸಿಗುವ ಅಲ್ಪ ಅವಧಿಯಲ್ಲಿ ಎಲೆಕ್ಟ್ರಿಷಿಯನ್ ಫ್ಯಾನ್ ಬಾಕ್ಸ್ ಮತ್ತು ಜಂಕ್ಷನ್ ಬಾಕ್ಸ್‌ಗಳನ್ನು ಕೂರಿಸಿ, ಪಿವಿಸಿ ಪೈಪುಗಳನ್ನು ಯಾವ ಗೋಡೆಯಲ್ಲಿ ಇಳಿಸಬೇಕೋ ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ಆ ಬಳಿಕ ಒಂದು ದೀಪದ ಜಾಗ ಬದಲಾದರೂ ತಾರಸಿಯನ್ನೋ ಗೋಡೆಯನ್ನೋ ಕೊರೆಯಬೇಕಾಗುತ್ತದೆ. ಆದ್ದರಿಂದ ವಸತಿ ಕಟ್ಟಡದ ರೆವಿಟ್ (ಕಟ್ಟಡದ ಮೂರು ಆಯಾಮದ ಮಾದರಿ ತಯಾರಿಸುವ ತಂತ್ರಾಂಶ) ಮಾದರಿಯಲ್ಲಿ ದೀಪ ಮತ್ತು ಸ್ವಿಚ್‌ಗಳನ್ನು ಬರಿಯ ಚಿಹ್ನೆಗಳಾಗಿ ಚೆಲ್ಲಿ ಮುಗಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಯಾವ ಪಾಯಿಂಟ್ ಯಾವ ಬೋರ್ಡಿನ ಎಷ್ಟನೆಯ ಸ್ವಿಚ್ಚಿಗೆ ಸೇರಿದೆ ಎಂದು ಹೇಳಲಾರದ ಮಾದರಿಯಿಂದ ಸೈಟಿನಲ್ಲಿರುವವರಿಗೆ ಹೆಚ್ಚಿನ ಉಪಯೋಗವಿಲ್ಲ.

ರೆವಿಟ್ ಈ ವಿಷಯವನ್ನು ಮೂರು ಬೇರೆ ಬೇರೆ ಪದರಗಳಾಗಿ ನೋಡುತ್ತದೆ. ಮೊದಲನೆಯದು ಪವರ್ ಸರ್ಕ್ಯೂಟ್: ದೀಪಗಳನ್ನು ಆರಿಸಿ ಸರ್ಕ್ಯೂಟ್ ರಚಿಸಿದರೆ, ಅವುಗಳ ಲೋಡ್ ನಾವು ಸೂಚಿಸಿದ ಪ್ಯಾನೆಲ್‌ನ (ಸರ್ಕ್ಯೂಟ್‌ಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ, ನಮ್ಮ ಮಾತಿನಲ್ಲಿ ಡಿಬಿ) ಲೆಕ್ಕಕ್ಕೆ ಸೇರುತ್ತದೆ. ಎರಡನೆಯದು ವೈರ್: ಇದು ಪ್ಲಾನ್‌ನಲ್ಲಿ ಕಾಣುವ ಗೆರೆ ಮಾತ್ರ, ಮೂರು ಆಯಾಮದ ನೋಟದಲ್ಲಿ ಇದು ಇರುವುದೇ ಇಲ್ಲ. ಮೂರನೆಯದು ಸ್ವಿಚ್ ಸಿಸ್ಟಂ: ಒಂದು ಗುಂಪು ದೀಪಗಳನ್ನು ಒಂದು ಸ್ವಿಚ್ಚಿಗೆ ಜೋಡಿಸುವ ವ್ಯವಸ್ಥೆ. ಇದು ಸರ್ಕ್ಯೂಟಿಗಾಗಲೀ ವೈರಿಗಾಗಲೀ ಕಟ್ಟುಬಿದ್ದಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು. ದೀಪವನ್ನು ಸ್ವಿಚ್ಚಿಗೆ ಜೋಡಿಸಿದ ಮಾತ್ರಕ್ಕೆ ಅದು ಡಿಬಿಗೆ ಜೋಡಣೆಯಾಗುವುದಿಲ್ಲ, ಡಿಬಿಗೆ ಜೋಡಿಸಿದ ಮಾತ್ರಕ್ಕೆ ಅದಕ್ಕೊಂದು ಸ್ವಿಚ್ ಸಿಗುವುದಿಲ್ಲ. ಸಿಸ್ಟಂ ಬ್ರೌಸರ್ ತೆರೆದು, ಯಾವುದಕ್ಕೂ ಸೇರದೆ ಉಳಿದಿರುವ ದೀಪಗಳ ಪಟ್ಟಿಯನ್ನು ಆಗಾಗ ನೋಡುತ್ತಿರುವುದು ಇದಕ್ಕಾಗಿಯೇ ಅಗತ್ಯ.

ಎಲ್ಲಕ್ಕಿಂತ ಮೊದಲು ವೋಲ್ಟೇಜ್ ಸರಿಪಡಿಸಿಕೊಳ್ಳಬೇಕು. ಅಮೆರಿಕದ ಲೈಬ್ರರಿಯಿಂದ ತಂದ ದೀಪದ ಫ್ಯಾಮಿಲಿಯ (ಮಾದರಿಯಲ್ಲಿ ಇಡುವ ಸಿದ್ಧ ವಸ್ತು) ಕನೆಕ್ಟರ್‌ನಲ್ಲಿ (ಅದರ ವಿದ್ಯುತ್ ಜೋಡಣೆಯ ಬಿಂದು) ಸಾಮಾನ್ಯವಾಗಿ 120 ವೋಲ್ಟ್ ಇರುತ್ತದೆ. ನಮ್ಮ ಡಿಬಿ 230 ವೋಲ್ಟಿನದು. ಇವೆರಡೂ ಹೊಂದದಿದ್ದಾಗ ರೆವಿಟ್ ಯಾವ ದೂರನ್ನೂ ಹೇಳುವುದಿಲ್ಲ. ಪ್ಯಾನೆಲ್ ಆರಿಸುವ ಪಟ್ಟಿಯಲ್ಲಿ ನಮ್ಮ ಡಿಬಿಯ ಹೆಸರು ಕಾಣಿಸುವುದಿಲ್ಲ, ಅಷ್ಟೆ. ಎಲೆಕ್ಟ್ರಿಕಲ್ ಸೆಟ್ಟಿಂಗ್ಸ್‌ನಲ್ಲಿ 230 ವೋಲ್ಟನ್ನು 207ರಿಂದ 253ರ ಮಿತಿಯೊಳಗೆ ನಮೂದಿಸಿ, ಸಿಂಗಲ್ ಫೇಸ್ ಮನೆಗೆ ಲೈನ್ ಮತ್ತು ಗ್ರೌಂಡ್ ನಡುವೆ 230 ಎಂದೂ, ಮೂರು ಫೇಸಿನ ಮನೆಗೆ 400/230 ಎಂದೂ ವಿತರಣಾ ವ್ಯವಸ್ಥೆಯನ್ನು ಬರೆದು, ಪ್ರತಿ ಫ್ಯಾಮಿಲಿಯ ಕನೆಕ್ಟರನ್ನು ಅದಕ್ಕೆ ಹೊಂದಿಸಿದರೆ ಈ ತೊಂದರೆ ತೀರುತ್ತದೆ. ದೀಪ, ಫ್ಯಾನ್ ಮತ್ತು ಸಣ್ಣ ಪ್ಲಗ್‌ಗಳ ಒಂದು ಸಬ್ ಸರ್ಕ್ಯೂಟಿಗೆ ಹತ್ತು ಪಾಯಿಂಟ್, 800 ವಾಟ್ ಎಂದು ನಮ್ಮಲ್ಲಿ ಹಿಂದಿನಿಂದ ಪಾಲಿಸಿಕೊಂಡು ಬಂದಿರುವ ಮಿತಿಯನ್ನು ಪ್ಯಾನೆಲ್ ಷೆಡ್ಯೂಲ್‌ನಲ್ಲಿ (ಸರ್ಕ್ಯೂಟ್‌ಗಳ ಪಟ್ಟಿ) ಆಗಲೇ ಪರಿಶೀಲಿಸಬಹುದು. ಎಲ್‌ಇಡಿ ಬಂದ ಮೇಲೆ 800 ವಾಟ್ ಮುಟ್ಟುವುದು ಅಪರೂಪವಾಗಿರುವುದರಿಂದ, ನಿಜವಾಗಿ ಕಾವಲು ಕಾಯುವುದು ಪಾಯಿಂಟುಗಳ ಸಂಖ್ಯೆಯೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರೆವಿಟ್‌ನ ಕಲ್ಪನೆಯಲ್ಲಿ ದೀಪವೇ ಕೇಂದ್ರ. ವೈರ್ ದೀಪದಿಂದ ದೀಪಕ್ಕೆ ಸಾಗಿ ಕೊನೆಗೆ ಪ್ಯಾನೆಲ್ ಸೇರುತ್ತದೆ, ಸ್ವಿಚ್ ಬದಿಯಲ್ಲಿ ಅಂಟಿಕೊಂಡಿರುತ್ತದೆ. ನಮ್ಮ ಮನೆಗಳಲ್ಲಿ ಕೇಂದ್ರವಾಗಿರುವುದು ಸ್ವಿಚ್ ಬೋರ್ಡ್. ಡಿಬಿಯಿಂದ ಫೇಸ್ ಮತ್ತು ನ್ಯೂಟ್ರಲ್ ಬೋರ್ಡಿಗೆ ಬರುತ್ತವೆ, ಅಲ್ಲಿ ಫೇಸ್ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಲೂಪ್ ಆಗುತ್ತದೆ, ಪ್ರತಿ ಪಾಯಿಂಟಿಗೂ ಬೋರ್ಡಿನಿಂದಲೇ ಪ್ರತ್ಯೇಕ ವೈರ್ ಹೊರಡುತ್ತದೆ. ಫ್ಯಾನಿನ ರೆಗ್ಯುಲೇಟರ್, 6 ಆಂಪಿಯರ್ ಸಾಕೆಟ್, ಅದರ ಸ್ವಿಚ್ ಎಲ್ಲವೂ ಅದೇ ಪೆಟ್ಟಿಗೆಯಲ್ಲಿರುತ್ತವೆ. ಆದರೆ ಸ್ವಿಚ್ ಸಿಸ್ಟಂ ಇರುವುದು ದೀಪದ ವರ್ಗಕ್ಕೆ ಮಾತ್ರ. ಎಲೆಕ್ಟ್ರಿಕಲ್ ಫಿಕ್ಸ್ಚರ್ ಆಗಿ ಮಾಡಿದ ಫ್ಯಾನಿಗೆ ಅದರಲ್ಲಿ ಜಾಗವಿಲ್ಲ. ಫ್ಯಾನನ್ನು ದೀಪವೆಂದು ವರ್ಗೀಕರಿಸಿ ನುಸುಳಿಸುವವರಿದ್ದಾರೆ, ಆದರೆ ಹಾಗೆ ಮಾಡಿದರೆ ದೀಪಗಳ ಪಟ್ಟಿಯೇ ಕೆಡುತ್ತದೆ.

ಆದಕಾರಣ ನಾನು ಬೋರ್ಡನ್ನೇ ಒಂದು ಫ್ಯಾಮಿಲಿಯಾಗಿ ಇಟ್ಟು, ಎಲ್ಲ ಪಾಯಿಂಟುಗಳಿಗೂ ‘ಬೋರ್ಡ್ ಸಂಖ್ಯೆ’ ಮತ್ತು ‘ಸ್ವಿಚ್ ಸಂಖ್ಯೆ’ ಎಂಬ ಎರಡು ಷೇರ್ಡ್ ಪ್ಯಾರಾಮೀಟರ್‌ಗಳನ್ನು (ಹಲವು ಫ್ಯಾಮಿಲಿಗಳಿಗೆ ಒಂದೇ ಆಗಿ ಬಳಸುವ ಮಾಹಿತಿಯ ಅಂಕಣಗಳು) ಸೇರಿಸುತ್ತೇನೆ. ಸಾಮಾನ್ಯ ಪ್ರಾಜೆಕ್ಟ್ ಪ್ಯಾರಾಮೀಟರ್ ಆದರೆ ಷೆಡ್ಯೂಲ್‌ನಲ್ಲಿ ಬರುತ್ತದೆಯೇ ಹೊರತು ಟ್ಯಾಗ್‌ನಲ್ಲಿ ಬರುವುದಿಲ್ಲ. ಪ್ಲಾನ್‌ನಲ್ಲಿ ದೀಪದ ಪಕ್ಕದಲ್ಲೇ ‘ಬಿ3–2’ (ಮೂರನೆಯ ಬೋರ್ಡಿನ ಎರಡನೆಯ ಸ್ವಿಚ್) ಎಂದು ಕಾಣಬೇಕಾದರೆ ಷೇರ್ಡ್ ಪ್ಯಾರಾಮೀಟರ್ ಬೇಕೇ ಬೇಕು. ನಂತರ ಎಲ್ಲ ವರ್ಗಗಳನ್ನೂ ಒಳಗೊಂಡ ಷೆಡ್ಯೂಲ್ ಮಾಡಿ ಬೋರ್ಡ್ ಸಂಖ್ಯೆಯ ಪ್ರಕಾರ ಗುಂಪು ಮಾಡಿದರೆ, ಬೋರ್ಡಿನ ಅಳತೆಯೂ ಅಲ್ಲಿಂದಲೇ ಸಿಗುತ್ತದೆ. ಹಾಲ್‌ನ ಒಂದು ಬೋರ್ಡನ್ನು ನೋಡಿ: ನಾಲ್ಕು ದೀಪದ ಸ್ವಿಚ್‌ಗೆ ನಾಲ್ಕು ಮಾಡ್ಯೂಲ್ (ಬೋರ್ಡಿನಲ್ಲಿ ಒಂದು ಸ್ವಿಚ್ ಹಿಡಿಯುವಷ್ಟು ಜಾಗ), ಫ್ಯಾನ್ ಸ್ವಿಚ್‌ಗೆ ಒಂದು, ರೆಗ್ಯುಲೇಟರ್‌ಗೆ ಎರಡು, ಸಾಕೆಟ್‌ಗೆ ಎರಡು, ಅದರ ಸ್ವಿಚ್‌ಗೆ ಒಂದು, ಒಟ್ಟು ಹತ್ತು. ಎಂಟು ಮಾಡ್ಯೂಲಿನ ಪೆಟ್ಟಿಗೆ ಸಾಲುವುದಿಲ್ಲ, ಹನ್ನೆರಡರದ್ದು ಬೇಕು. ಗೋಡೆಯಲ್ಲಿ ಎಂಟರ ಪೆಟ್ಟಿಗೆ ಕೂರಿಸಿ ಪ್ಲಾಸ್ಟರ್ ಆದ ಮೇಲೆ ಈ ಲೆಕ್ಕ ತಿಳಿದು ಪ್ರಯೋಜನವಿಲ್ಲ.

ಮೆಟ್ಟಿಲಿನ ದೀಪ ಮತ್ತು ಮಲಗುವ ಕೋಣೆಯ ದೀಪ ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತವೆ. ಬಾಗಿಲ ಬಳಿ ಒಂದು, ಮಂಚದ ಬಳಿ ಒಂದು ಎಂದು ಟೂ-ವೇ ಸ್ವಿಚ್ ಕೊಡುವುದು ಈಗ ಸರ್ವೇಸಾಮಾನ್ಯ. ರೆವಿಟ್‌ನ ಸ್ವಿಚ್ ಸಿಸ್ಟಂ ಮಾತ್ರ ಒಂದು ಗುಂಪಿಗೆ ಒಂದೇ ಸ್ವಿಚ್ಚನ್ನು ಒಪ್ಪುತ್ತದೆ. ವಾಸ್ತವದಲ್ಲಿ ಈ ಎರಡು ಸ್ವಿಚ್‌ಗಳ ನಡುವೆ ಎರಡು ವೈರ್‌ಗಳು ಓಡಬೇಕು, ಮೂರು ಮಹಡಿಯ ಮೆಟ್ಟಿಲಾದರೆ ನಡುವೆ ಇಂಟರ್‌ಮೀಡಿಯೆಟ್ ಸ್ವಿಚ್ ಕೂಡ ಬರುತ್ತದೆ. ಈ ಜೋಡಿ ವೈರುಗಳಿಗೆ ಪೈಪಿನ ದಾರಿ ಬಿಡದಿದ್ದರೆ ಆಮೇಲೆ ಟೂ-ವೇ ಕೊಡಲು ಬರುವುದೇ ಇಲ್ಲ. ನಾನು ಎರಡೂ ಸ್ವಿಚ್‌ಗಳಿಗೆ ಒಂದೇ ಗುರುತನ್ನು ಕೊಟ್ಟು, ಅವೆರಡರ ನಡುವಿನ ಪೈಪನ್ನು ಕಂಡ್ಯೂಟ್ ಆಗಿಯೇ ಮಾದರಿಯಲ್ಲಿ ಎಳೆಯುತ್ತೇನೆ. ಉಳಿದ ಎಲ್ಲ ಪೈಪುಗಳನ್ನೂ ಹಾಗೆ ಎಳೆಯುವುದು ಒಂದು ಮನೆಯ ಮಟ್ಟಿಗೆ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಬಾಗಿಲಿನ ವಿಷಯವನ್ನೂ ಇಲ್ಲಿ ಹೇಳಬೇಕು. ವಾಸ್ತುಶಿಲ್ಪಿಯ ಲಿಂಕ್ ಮಾಡಿದ ಫೈಲಿನಲ್ಲಿ ಬಾಗಿಲಿನ ಕೀಲು ಎಡದಿಂದ ಬಲಕ್ಕೆ ತಿರುಗಿದರೆ, ಗೋಡೆಯ ಮೇಲಿರುವ ನಮ್ಮ ಬೋರ್ಡ್ ತನ್ನ ಜಾಗದಲ್ಲೇ ಉಳಿದು ತೆರೆದ ಬಾಗಿಲಿನ ಹಿಂದೆ ಸೇರಿಕೊಳ್ಳುತ್ತದೆ, ಮಾದರಿಯಲ್ಲಿ ಯಾವ ಎಚ್ಚರಿಕೆಯೂ ಬರುವುದಿಲ್ಲ. ಲಿಂಕ್ ಹೊಸದಾದಾಗಲೆಲ್ಲ ಪ್ರತಿ ಬಾಗಿಲನ್ನೂ ಕಣ್ಣಿನಿಂದಲೇ ನೋಡಬೇಕು.

ಕರ್ನಾಟಕದ ಅನೇಕ ಮನೆಗಳಲ್ಲಿ ಯುಪಿಎಸ್ ಲೈನ್ ಬೇರೆಯಾಗಿ ಓಡುವುದರಿಂದ ಬೋರ್ಡಿಗೆ ಎರಡು ಪೂರೈಕೆ ಬರುತ್ತದೆ: ಟ್ಯೂಬ್‌ಲೈಟ್ ಮತ್ತು ಫ್ಯಾನ್ ಯುಪಿಎಸ್‌ನಲ್ಲಿ, ಅಲಂಕಾರದ ದೀಪಗಳು ಮೇನ್‌ನಲ್ಲಿ. ಬೋರ್ಡನ್ನು ಸರ್ಕ್ಯೂಟಿನ ಭಾಗವಾಗಿಸದೆ, ಪಾಯಿಂಟುಗಳನ್ನು ಮಾತ್ರ ಆಯಾ ಸರ್ಕ್ಯೂಟಿಗೆ ಸೇರಿಸಿದರೆ ಇದು ಮಾದರಿಯಲ್ಲಿ ಸುಲಭವಾಗಿ ಕೂರುತ್ತದೆ. ಬೋರ್ಡಿನೊಳಗೆ ಈ ಎರಡರ ನ್ಯೂಟ್ರಲ್‌ಗಳು ಬೆರೆತು, ಆರ್‌ಸಿಸಿಬಿಯ (ಸೋರಿಕೆ ಕಂಡರೆ ವಿದ್ಯುತ್ ಕಡಿಯುವ ಸಾಧನ) ಮೂಲಕ ಹೋದ ಕರೆಂಟ್ ಬೇರೆ ದಾರಿಯಲ್ಲಿ ಮರಳಿದರೆ, ವೈರಿನಲ್ಲಿ ಯಾವ ಸೋರಿಕೆಯೂ ಇಲ್ಲದೆ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಕಾರಣ ಹುಡುಕುವುದು ಬಹಳ ಕಷ್ಟ. ಅದಕ್ಕಾಗಿ ‘ಪೂರೈಕೆ’ ಎಂಬ ಮೂರನೆಯ ಪ್ಯಾರಾಮೀಟರ್ ಇಟ್ಟು, ವ್ಯೂ ಫಿಲ್ಟರ್ ಮೂಲಕ ಯುಪಿಎಸ್ ಪಾಯಿಂಟುಗಳಿಗೆ ಬೇರೆ ಬಣ್ಣ ಕೊಟ್ಟು, ಬೋರ್ಡ್ ಷೆಡ್ಯೂಲ್‌ನಲ್ಲಿ ಎರಡು ನ್ಯೂಟ್ರಲ್‌ಗಳನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆಯುತ್ತೇನೆ. ಎಲೆಕ್ಟ್ರಿಷಿಯನ್‌ಗೆ ಪ್ಲಾನ್ ಜೊತೆಗೆ ಈ ಷೆಡ್ಯೂಲನ್ನೂ ಮೋಲ್ಡಿಗೆ ಮೊದಲೇ ಮುದ್ರಿಸಿ ಕೊಡುತ್ತೇನೆ.