ಕರ್ಣನ ಮಾತಿಗೆ ಕೊರಳು ಕೊಟ್ಟ ಸಂಜೆ

ಓದು ನನಗೆ ಬಾಯಿ ಮುಚ್ಚಿಕೊಂಡು ಮಾಡುವ ಕೆಲಸವಾಗಿತ್ತು. ಸಂಗೀತ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಎರಡೂ ಜೀವಕ್ಕೆ ಹತ್ತಿರವಾದವು. ಆದರೆ ಒಂದರ ಮನೆಗೆ ಇನ್ನೊಂದು ಹೋಗಿ ಬರುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಯ ಕಪಾಟಿನಿಂದ 'ಮಲೆಗಳಲ್ಲಿ ಮದುಮಗಳು' ಕೆಳಗಿಳಿಯುತ್ತದೆ. 1967ರಲ್ಲಿ ಬಂದ ಕುವೆಂಪು ಅವರ ಆ ಕಾದಂಬರಿಯನ್ನು ಈಗ ಮೊದಲಿನಿಂದ ಕೊನೆಯವರೆಗೆ ಓದುವುದು ಕಡಿಮೆ. ಯಾವ ಪುಟ ತೆರೆದರೂ ಕಾಡಿನೊಳಗೆ ಒಂದು ದಾರಿ ಸಿಕ್ಕೇ ಸಿಗುತ್ತದೆ, ಅಷ್ಟು ಸಾಕು. ಅದರಲ್ಲಿ ಬರುವ ಗುತ್ತಿಯ ನಾಯಿ 'ಹುಲಿಯ' ಹೊಳೆಯ ಪಾಲಾಗುವ ಪುಟಗಳನ್ನು ಮಾತ್ರ ನಾನು ದಾಟಿಸಿಬಿಡುತ್ತೇನೆ. ಅದನ್ನು ಮತ್ತೆ ಓದುವ ಶಕ್ತಿ ನನಗಿಲ್ಲ. ಸಂಗೀತದ ಕಡೆಗೆ ಬಂದರೆ, ಧಾರವಾಡದಲ್ಲಿ ಹುಟ್ಟಿ ಬೆಳೆದವಳು ನಾನು. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳದೆ ನನ್ನ ಭಾನುವಾರಗಳು ಬೆಳಗಾಗುವುದಿಲ್ಲ. ಅವರ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಪ್ರೀತಿಯಿಂದ ಓದಿದ್ದೇನೆ. ಆಗಲೂ ಅದು ಪುಸ್ತಕದ ಲೆಕ್ಕಕ್ಕೆ ಹೋಯಿತು, ರಾಗ ರಾಗದ ಲೆಕ್ಕದಲ್ಲೇ ಉಳಿಯಿತು.

ಕೆಲಸದ ವರ್ಗಾವಣೆಯಿಂದ ಮೈಸೂರಿಗೆ ಬಂದ ಮೇಲೆ ಪಕ್ಕದ ಮನೆಯವರು ಗಮಕದ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವ ಕಲೆಯ, ತರಗತಿಗೆ ಕರೆಯುತ್ತಲೇ ಇದ್ದರು. ಗಮಕವೆಂದರೆ ನನ್ನ ಪಾಲಿಗೆ ಅಜ್ಜನ ಕಾಲದ ಸಂಗತಿ. ಮಳೆ ಕೈಕೊಟ್ಟ ವರ್ಷ ಊರವರೆಲ್ಲ ಗುಡಿಯಲ್ಲಿ ಸೇರಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಿದ್ದರು, ಓದು ಮುಗಿಯುವುದರೊಳಗೆ ಮಳೆ ಬರುತ್ತದೆ ಎಂಬ ನಂಬಿಕೆಯಿತ್ತು ಎಂದು ನನ್ನ ತಾಯಿ ಹೇಳುತ್ತಿದ್ದುದು ನೆನಪಿದೆ. ಆ ಓದನ್ನು ನಾನು ಕಿವಿಯಾರೆ ಕೇಳಿದವಳಲ್ಲ. ಆದ್ದರಿಂದ ಒಂದು ಸಂಜೆ ಹೋಗಿ ಕುಳಿತಾಗ ಮನಸ್ಸಿನಲ್ಲಿ ಕುತೂಹಲವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಕಲಿಸುವವರು ಎಪ್ಪತ್ತು ದಾಟಿದ ಹೆಣ್ಣುಮಗಳು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತೇವೆ. ನಡುಮನೆಯಲ್ಲಿ ಚಾಪೆ, ಮೂಲೆಯಲ್ಲಿ ಶ್ರುತಿಪೆಟ್ಟಿಗೆ, ಅವರ ತೊಡೆಯ ಮೇಲೆ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಕುಮಾರವ್ಯಾಸ ಭಾರತ. ಪುಸ್ತಕದ ಬೆನ್ನು ಸವೆದು ಬಟ್ಟೆಯ ಪಟ್ಟಿ ಅಂಟಿಸಿದ್ದರು. ತಬಲಾ ಇಲ್ಲ, ಮೃದಂಗವಿಲ್ಲ, ತಾಳ ಹಾಕುವ ಕೈಯೂ ಇಲ್ಲ. ಪದ್ಯವೇ ತನ್ನ ನಡೆಯನ್ನು ತಾನೇ ಹೊತ್ತುಕೊಂಡು ಬರುತ್ತದೆ. ಕುಮಾರವ್ಯಾಸ ತನ್ನ ಹತ್ತು ಪರ್ವಗಳನ್ನೂ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಶಾಲೆಯಲ್ಲಿ ಪ್ರಸ್ತಾರ ಹಾಕಿ ಅಂಕ ಗಿಟ್ಟಿಸಿದ್ದ ಆ ಲೆಕ್ಕವೇ ಇಲ್ಲಿ ಉಸಿರಾಡುತ್ತಿತ್ತು.

ಅಮ್ಮ ಆ ದಿನ ಎತ್ತಿಕೊಂಡದ್ದು ಉದ್ಯೋಗಪರ್ವ. ಸಂಧಿ ಮುರಿದು ಹಸ್ತಿನಾವತಿಯಿಂದ ಹೊರಟ ಕೃಷ್ಣ ಕರ್ಣನನ್ನು ರಥದಲ್ಲಿ ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುತ್ತಾನೆ. ನಿಮಗೆ ಸಮನಾಗಿ ಕುಳಿತುಕೊಳ್ಳುವುದೆಂದರೆ ಭಯವಾಗುತ್ತದೆ ಎಂದು ಕರ್ಣ ಹಿಂಜರಿಯುತ್ತಾನೆ. ಕೃಷ್ಣ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿದು ಜನ್ಮದ ಗುಟ್ಟನ್ನು ಬಿಚ್ಚುತ್ತಾನೆ. ಅಲ್ಲಿಯವರೆಗೆ ಮೋಹನದಲ್ಲಿ ಸಾಗಿದ್ದ ಓದು 'ಕಿವಿಯಲಿ ಬಿತ್ತಿದನು ಭಯವ' ಎಂಬಲ್ಲಿಗೆ ಬಂದಾಗ ಅಮ್ಮ ದನಿಯನ್ನು ಏರಿಸಲಿಲ್ಲ, ಇಳಿಸಿದರು. ಕಿವಿಯಲ್ಲಿ ಹೇಳುವ ಮಾತನ್ನು ಯಾರು ಕೂಗಿ ಹೇಳುತ್ತಾರೆ? ಈ ಸಾಲನ್ನು ಓದಿದ್ದೆ. ಆದರೆ ಪುಟದ ಮೇಲೆ ಎಲ್ಲ ಸಾಲುಗಳಿಗೂ ಒಂದೇ ದನಿ.

ಮುಂದಿನ ಪದ್ಯಕ್ಕೆ ರಾಗ ಬದಲಾಯಿತು. ಶುಭಪಂತುವರಾಳಿ. ಹಿಂದೂಸ್ತಾನಿಯಲ್ಲಿ ನಾನು ತೋಡಿ ಎಂದು ಗುರುತಿಸುವ ಸ್ವರಗಳು ಅವೇ. ಮೈ ನವಿರೆದ್ದಿತು.

ಕಲಿಯಲು ಕುಳಿತಾಗ ನನ್ನ ಕಿವಿಯ ಹಳೆಯ ಅಭ್ಯಾಸ ಅಡ್ಡ ಬಂದಿತು. ಖ್ಯಾಲ್ ಕೇಳಿ ಬೆಳೆದವರಿಗೆ ಸ್ವರದ ಮೇಲೆ ನಿಲ್ಲಬೇಕು, ಅದನ್ನು ಸುತ್ತಿ ಬಳಸಿ ನೋಡಬೇಕು ಎಂಬ ಆಸೆ ಸಹಜ. ಅಮ್ಮ ಪೂರ್ತಿ ಕೇಳಿಸಿಕೊಂಡು ಹೇಳಿದರು: "ರಾಗ ಚೆನ್ನಾಗಿದೆ ಕಣಮ್ಮ. ಆದರೆ ಕೃಷ್ಣ ಏನು ಹೇಳಿದ ಎಂಬುದು ನನಗೆ ಕೇಳಿಸಲಿಲ್ಲ."

ಗಮಕದ ಕಷ್ಟ ಮತ್ತು ಸೊಗಸು ಇರುವುದೇ ಇಲ್ಲಿ ಎಂದು ನನ್ನ ನಂಬಿಕೆ. 'ಕೊರಳ ಸೆರೆ ಹಿಗ್ಗಿದವು ದೃಗುಜಲ' ಎಂಬ ಸಾಲನ್ನೇ ನೋಡಿ. ಮಾತ್ರೆ ಎಣಿಸಿದರೆ 'ಕೊರಳ' ಮೂರು, ಮುಂದಿನ ನಾಲ್ಕು ಮಾತ್ರೆ ಮುಗಿಯುವುದು 'ಹಿಗ್ಗಿದವು' ಎಂಬುದರ ನಟ್ಟನಡುವೆ, ಒತ್ತಕ್ಷರದ ಮೇಲೆ. ಗಣದ ಲೆಕ್ಕಕ್ಕೆ ನಿಲ್ಲಿಸಿದರೆ ಮಾತು ಎರಡು ತುಂಡಾಗುತ್ತದೆ. ಅರ್ಥಕ್ಕೆ ಒಲಿದು ಲಯ ಬಿಟ್ಟರೆ ಅದು ಗದ್ಯವಾಗುತ್ತದೆ. ಒಳಗೆ ಗಣ ನಡೆಯುತ್ತಿರಬೇಕು, ಹೊರಗೆ ಮಾತು ಇಡಿಯಾಗಿ ಕೇಳಬೇಕು. ಅಮ್ಮ ಓದುವಾಗ 'ಹಿಗ್ಗಿ' ಎಂಬಲ್ಲಿ ದನಿ ಒಂದಿಷ್ಟು ಉಬ್ಬಿ ನಿಲ್ಲುತ್ತಿತ್ತು. ಕೊರಳ ನರ ಉಬ್ಬಿಬಂದದ್ದನ್ನು ಕೊರಳೇ ಮಾಡಿ ತೋರಿಸುತ್ತಿತ್ತು! ಆ ಒಂದು ಒತ್ತಕ್ಷರವನ್ನು ಅಕ್ಕಿ ಅಳೆಯುವಾಗ, ಬಸ್ಸಿಗೆ ಕಾಯುವಾಗ, ಸ್ನಾನದ ಮನೆಯಲ್ಲಿ ಎಷ್ಟು ಸಲ ಹೇಳಿಕೊಂಡೆನೋ.

ಶ್ರಾವಣದ ಒಂದು ಶನಿವಾರ ಬಡಾವಣೆಯ ರಾಮಮಂದಿರದಲ್ಲಿ ವಾಚನ, ವ್ಯಾಖ್ಯಾನ. ಇದೇ ಭಾಗವನ್ನು ಓದಬೇಕಾದವಳು ನಾನು. ಗಮಕದಲ್ಲಿ ಇಬ್ಬರ ಜೊತೆಗಾರಿಕೆ ಇರುತ್ತದೆ: ಗಮಕಿ ಪದ್ಯ ಓದಿ ನಿಲ್ಲಿಸಿದ ಕಡೆ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ನನ್ನ ಜೊತೆಗಿದ್ದವರು ನಿವೃತ್ತ ಕನ್ನಡ ಉಪನ್ಯಾಸಕರು. ಮುಂದೆ ಜಮಖಾನದ ಮೇಲೆ ಹೂ ಕಟ್ಟುತ್ತಿದ್ದ ಹೆಂಗಸರು, ಗೋಡೆಗೊರಗಿದ ಹಿರಿಯರು, ಪ್ರಸಾದಕ್ಕೆಂದು ಬಂದು ಕುಳಿತ ಮಕ್ಕಳು. ಸಭೆಯ ಮುಂದೆ ಬಾಯಿ ತೆರೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅಂಗೈ ಬೆವರಿ ಪುಸ್ತಕದ ಅಂಚು ಒದ್ದೆಯಾಗಿತ್ತು.

ಕೃಷ್ಣನ ಮಾತುಗಳು ಸಲೀಸಾಗಿ ಬಂದವು. 'ಕೊರಳ ಸೆರೆ' ಬಂದಾಗ ಹೂ ಕಟ್ಟುತ್ತಿದ್ದ ಕೈಗಳು ನಿಂತದ್ದನ್ನು ಕಂಡೆ. ವ್ಯಾಖ್ಯಾನಕಾರರು ಆ ಪದ್ಯದ ಮೇಲೆ ಬಹಳ ಹೊತ್ತು ನಿಂತರು. ತನ್ನ ಕುಲ ತಿಳಿದ ಕ್ಷಣದಲ್ಲಿ ಕರ್ಣ ಹಿಗ್ಗಬೇಕಿತ್ತಲ್ಲವೇ, ಆದರೆ ಅವನ ಮನಸ್ಸಿಗೆ ಮೊದಲು ಹೊಳೆದದ್ದು ಕುರುಪತಿಗೆ ಕೇಡಾಯಿತು ಎಂಬುದು ಎಂದು ವಿವರಿಸಿದರು. 'ಮರುಳು ಮಾಧವ' ಎಂದು ಎತ್ತಿಕೊಂಡೆ. ದೇವರನ್ನೇ ಮರುಳು ಎನ್ನುವ ಆ ಎದೆಗಾರಿಕೆ ಓದುವವರ ಬೆನ್ನನ್ನೂ ನೆಟ್ಟಗೆ ಮಾಡುತ್ತದೆ. ಕೊನೆಯ ಸಾಲಿಗೆ ಬಂದಾಗ, 'ಕೌರವೇಂದ್ರನ ಕೊಂದೆ ನೀನೆಂದ' ಎಂಬಲ್ಲಿ, ಎದುರಿನಿಂದ ಇನ್ನೊಂದು ದನಿ ಸೇರಿಕೊಂಡಿತು. ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದ ಹುಡುಗಿ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಇದೇ ಭಾಗವಿತ್ತಂತೆ.

ಮುಗಿದ ಮೇಲೆ ಅವಳು ಹತ್ತಿರ ಬಂದಳು. "ಆಂಟಿ, ಮಾರಿಗೌತಣವಾಯ್ತು ಪದ್ಯವನ್ನು ಇನ್ನೊಮ್ಮೆ ಓದುತ್ತೀರಾ? ನಾನು ಅದನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಇಷ್ಟು ನಿಧಾನವಾಗಿ ಹೇಳಿಲ್ಲ." ಪ್ರಸಾದದ ದೊನ್ನೆ ಕೆಳಗಿಟ್ಟು, ಕಂಬದ ಪಕ್ಕ ನಿಂತುಕೊಂಡೇ ಓದಿದೆ. ನಾಳಿನ ಯುದ್ಧ ಮಾರಿಗೆ ಔತಣವಾಗುತ್ತದೆ, ನನ್ನ ಒಡೆಯನಿಗಾಗಿ ದೇಹ ಬಿಡುತ್ತೇನೆ, ನಿನ್ನ ವೀರರೈವರನ್ನು ಮಾತ್ರ ನೋಯಿಸೆನು ಎಂದು ಕರ್ಣ ಮಾತು ಕೊಡುವ ಪದ್ಯ ಅದು. ಕೊನೆಗೆ 'ರಾಜೀವಸಖನಾಣೆ' ಎನ್ನುತ್ತಾನೆ. ತಾವರೆಯ ಗೆಳೆಯ, ಸೂರ್ಯ. ಈಗ ತಾನೇ ತನ್ನ ತಂದೆಯೆಂದು ತಿಳಿದವನ ಮೇಲೆ ಮಗನಾಗಿ ಅವನು ಇಡುವ ಆಣೆ! ಆ ಹುಡುಗಿಗೆ ಅದನ್ನು ಹೇಳಿದಾಗ ಅವಳ ಕಣ್ಣು ಅರಳಿದ ಬಗೆಯನ್ನು ನಾನು ಮರೆಯುವುದಿಲ್ಲ. ಪರೀಕ್ಷೆಗಾಗಿ ಕಲಿತದ್ದು ಅವಳದೇ ಆಸ್ತಿಯಾಯಿತು. ಶಾಲೆಗಳಲ್ಲಿ ಹಳೆಗನ್ನಡ, ನಡುಗನ್ನಡ ಕಷ್ಟವೆಂದು ಮಕ್ಕಳು ದೂರುವುದನ್ನು ಕೇಳುತ್ತಲೇ ಇರುತ್ತೇವೆ. ವರ್ಷಕ್ಕೊಮ್ಮೆಯಾದರೂ ಒಬ್ಬ ಗಮಕಿಯನ್ನು ತರಗತಿಗೆ ಕರೆಸಬಾರದೇ? ಕಿವಿಗೆ ಬಿದ್ದರೆ ಅರ್ಧ ಅರ್ಥ ಅಲ್ಲೇ ಆಗಿಹೋಗುತ್ತದೆ.

ಆ ಮೇಲೆ ಮನ್ಸೂರರನ್ನು ಕೇಳುವ ರೀತಿಯೂ ಬೇರೆಯಾಗಿದೆ. ಅವರು ಹಾಡಿದ ಅಕ್ಕನ ವಚನ 'ಅಕ್ಕ ಕೇಳವ್ವಾ'ದಲ್ಲಿ ಹಿಂದೆ ರಾಗವೇ ನನ್ನನ್ನು ಎಳೆದೊಯ್ಯುತ್ತಿತ್ತು. ಈಗ 'ಕೇಳವ್ವಾ' ಎಂಬ ಕರೆಯನ್ನು ಅವರು ಹೇಗೆ ಕರೆಯಾಗಿಯೇ ಉಳಿಸಿಕೊಳ್ಳುತ್ತಾರೆ ಎಂಬುದಕ್ಕೆ ಕಾಯುತ್ತೇನೆ. ಮನೆಯಲ್ಲಿ 'ಮದುಮಗಳು' ಕೂಡ ದನಿ ಪಡೆದಿದೆ. ರಾತ್ರಿ ಊಟವಾದ ಮೇಲೆ ಒಂದೆರಡು ಪುಟ ಗಟ್ಟಿಯಾಗಿ ಓದುತ್ತೇನೆ, ಮನೆಯವರು ಕೇಳುತ್ತಾರೆ. ಗುತ್ತಿ ಹುಲಿಯನನ್ನು ಕರೆಯುವ ಮಾತುಗಳಲ್ಲಿ ಎಷ್ಟು ಬಗೆಯ ಪ್ರೀತಿಯಿದೆ! ಆ ಹೊಳೆಯ ಪುಟಗಳನ್ನು ಈ ಸಲ ದಾಟಿಸದೆ ಓದಿದೆ, ನಡುವೆ ನಿಲ್ಲಿಸಿ ನೀರು ಕುಡಿದು ಮುಂದುವರಿಸಬೇಕಾಯಿತು.

ಮುಂದೆ ಲಕ್ಷ್ಮೀಶನ ಜೈಮಿನಿ ಭಾರತ ಎಂದು ಅಮ್ಮ ಹೇಳಿದ್ದಾರೆ. ಅದು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ನಡೆ. ಮೂರು-ನಾಲ್ಕಕ್ಕೆ ಒಗ್ಗಿದ ನಾಲಿಗೆ ಇನ್ನೂ ತಡವರಿಸುತ್ತಿದೆ. ಚಂದ್ರಹಾಸನ ಕಥೆಯನ್ನು ಯಾರು ಓದುವುದು ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ನಾನೇ.