ನೈರೋಬಿ ಎಕ್ಸ್‌ಪ್ರೆಸ್‌ವೇ: ಟೋಲ್ ಶಿಲ್ಲಿಂಗ್‌ನಲ್ಲಿ, ಲೆಕ್ಕ ಡಾಲರ್‌ನಲ್ಲಿ

ನೈರೋಬಿ ವಿಮಾನ ನಿಲ್ದಾಣದಿಂದ ಊರೊಳಗೆ ಹೊರಟರೆ ಟ್ಯಾಕ್ಸಿಯವರು ಕೇಳುವುದು ಒಂದೇ: ಮೇಲಿನ ರಸ್ತೆಯೋ, ಕೆಳಗಿನದೋ? ಮೇಲಿನದು ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗಿನ 27.1 ಕಿ.ಮೀ. ಎಕ್ಸ್‌ಪ್ರೆಸ್‌ವೇ. ಅದಕ್ಕೆ ಟೋಲ್ ಉಂಟು. ಕೆಳಗಿನದು ಹಳೆಯ ಮೊಂಬಾಸಾ ರಸ್ತೆ, ಪುಕ್ಕಟೆ. ಬೆಂಗಳೂರಿನವರಿಗೆ ಇದು ಹೊಸದಲ್ಲ, ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯೂ ಇದೇ ಬಗೆಯದು. ಖಾಸಗಿಯವರು ದುಡ್ಡು ಹಾಕಿ ಕಟ್ಟುತ್ತಾರೆ, ಇಷ್ಟು ವರ್ಷ ಟೋಲ್ ವಸೂಲಿ ಮಾಡಿಕೊಳ್ಳುತ್ತಾರೆ, ಆಮೇಲೆ ಸರ್ಕಾರಕ್ಕೆ ಬಿಟ್ಟುಕೊಡುತ್ತಾರೆ. ವ್ಯತ್ಯಾಸ ಇರುವುದು ಹಣ ಯಾವ ನಾಣ್ಯದಲ್ಲಿ ಬಂತು ಎಂಬುದರಲ್ಲಿ.

ಈ ರಸ್ತೆ ಕಟ್ಟಿದ್ದು ಚೈನಾ ರೋಡ್ ಆ್ಯಂಡ್ ಬ್ರಿಡ್ಜ್ ಕಾರ್ಪೊರೇಷನ್. 2022ರ ಮೇ ತಿಂಗಳಲ್ಲಿ ವಾಹನಗಳಿಗೆ ತೆರೆದಾಗ ಕಾರಿಗೆ ಪೂರ್ತಿ ದೂರಕ್ಕೆ 360 ಶಿಲ್ಲಿಂಗ್ (ಕೀನ್ಯಾದ ನಾಣ್ಯ). ಆಗ ದರ ಕಟ್ಟಿದ್ದು ಡಾಲರಿಗೆ ಸುಮಾರು 113 ಶಿಲ್ಲಿಂಗ್ ಎಂಬ ಲೆಕ್ಕದಲ್ಲಿ, ಅಂದರೆ ಸುಮಾರು 3.18 ಡಾಲರ್. ಮುಂದಿನ ಒಂದೂವರೆ ವರ್ಷದಲ್ಲಿ ಶಿಲ್ಲಿಂಗ್ ಕುಸಿಯುತ್ತಲೇ ಹೋಗಿ ಡಾಲರಿಗೆ 157ರ ಆಸುಪಾಸಿಗೆ ಬಂತು. ಅದೇ 360 ಶಿಲ್ಲಿಂಗ್‌ಗೆ ಆಗ 2.29 ಡಾಲರ್ ಮಾತ್ರ. 2024ರ ಜನವರಿ 1ರಿಂದ ಟೋಲ್ 500 ಶಿಲ್ಲಿಂಗ್ ಆಯಿತು. 500ನ್ನು 157ರಿಂದ ಭಾಗಿಸಿ ನೋಡಿ, ಮತ್ತೆ 3.18 ಡಾಲರ್. ರಸ್ತೆ ಒಂದು ಅಡಿಯೂ ಉದ್ದವಾಗಿಲ್ಲ, ಹೂಡಿಕೆದಾರನಿಗೆ ಡಾಲರ್ ಲೆಕ್ಕದಲ್ಲಿ ಕಾಸೂ ಹೆಚ್ಚು ಸಿಕ್ಕಿಲ್ಲ. ಶಿಲ್ಲಿಂಗ್‌ನಲ್ಲಿ ಸಂಬಳ ಎಣಿಸುವವನ ಜೇಬಿಗೆ ಮಾತ್ರ ಶೇ. 39ರಷ್ಟು ಹೊರೆ ಬಿತ್ತು. ಅದೇ ವರ್ಷ ಶಿಲ್ಲಿಂಗ್ ಚೇತರಿಸಿಕೊಂಡು 129ರ ಮಟ್ಟಕ್ಕೆ ಬಂತು. ಇಂಥ ಒಪ್ಪಂದ ಕೈಗೆ ಸಿಕ್ಕರೆ ಮೊದಲು ಹುಡುಕಬೇಕಾದ್ದು ಇದನ್ನೇ: ದರದ ಸೂತ್ರ ಏರುವುದಕ್ಕಷ್ಟೇ ಇದೆಯೋ, ಇಳಿಯುವುದಕ್ಕೂ ಇದೆಯೋ?

ಡಾಲರ್‌ಗೇ ಯಾಕೆ ಜೋತು ಬೀಳಬೇಕು ಎಂದು ಕೇಳಬಹುದು. ಇಂಥ ಯೋಜನೆಗೆಂದೇ ಒಂದು ಪ್ರತ್ಯೇಕ ಕಂಪನಿ ಹುಟ್ಟುಹಾಕುತ್ತಾರೆ, ಎಸ್‌ಪಿವಿ ಅಂತ. ಸಾಮಾನ್ಯವಾಗಿ ಅದರ ಬಂಡವಾಳದಲ್ಲಿ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗ ಹೂಡಿಕೆದಾರರ ಸ್ವಂತ ದುಡ್ಡು, ಉಳಿದದ್ದು ಸಾಲ. ಟೋಲ್ ದುಡ್ಡಿನಿಂದಲೇ ತೀರಬೇಕಾದ ಸಾಲಕ್ಕೆ ಹದಿನೈದು ವರ್ಷಕ್ಕೂ ಮೀರಿದ ಅವಧಿ ಬೇಕು. ಸ್ಥಳೀಯ ಬ್ಯಾಂಕುಗಳ ಠೇವಣಿ ಅಲ್ಪಾವಧಿಯದು, ಬಡ್ಡಿಯೂ ದುಬಾರಿ. ಹಾಗಾಗಿ ಆಫ್ರಿಕನ್ ಡೆವಲಪ್‌ಮೆಂಟ್ ಬ್ಯಾಂಕ್, ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ, ಯುರೋಪಿನ ಅಭಿವೃದ್ಧಿ ಬ್ಯಾಂಕುಗಳು ಇಲ್ಲವೇ ಚೀನಾದ ಬಾಗಿಲು ತಟ್ಟುತ್ತಾರೆ. ಅವರು ಕೊಡುವ ಸಾಲ ಹೆಚ್ಚಾಗಿ ಡಾಲರ್‌ನಂಥ ವಿದೇಶಿ ನಾಣ್ಯದಲ್ಲಿ. ಸ್ಥಳೀಯ ನಾಣ್ಯದಲ್ಲಿ ದೀರ್ಘಾವಧಿಗೆ ದುಡ್ಡು ಇರುವುದು ಪಿಂಚಣಿ ನಿಧಿಗಳ ಹತ್ತಿರ. ಕೀನ್ಯಾದ ಸರ್ಕಾರಿ ಪಿಂಚಣಿ ನಿಧಿಯಾದ ಎನ್‌ಎಸ್‌ಎಸ್‌ಎಫ್ ಈಗ ನೈರೋಬಿ ಹೊರವಲಯದಿಂದ ಪಶ್ಚಿಮಕ್ಕೆ ಹೋಗುವ ರಿರೋನಿ–ಮಾವು ಸಮ್ಮಿಟ್ ಹೆದ್ದಾರಿಗೆ ಚೀನೀ ಕಂಪನಿಯ ಜೊತೆ ಕೈಜೋಡಿಸಿದೆ. ದಿಕ್ಕು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ವಾಹನಗಳು ಅಂದಾಜಿಗಿಂತ ಕಡಿಮೆ ಬಂದರೆ ಪೆಟ್ಟು ತಿನ್ನುವುದು ಕಾರ್ಮಿಕರ ಮುಪ್ಪಿನ ದುಡ್ಡು ಎಂಬುದನ್ನೂ ಮರೆಯಬಾರದು.

ವಿನಿಮಯ ದರದಷ್ಟೇ ಸುಡುವ ಇನ್ನೊಂದು ವಿಷಯ ವಿಳಂಬ. ಕೀನ್ಯಾದ ಉತ್ತರದ ಲೇಕ್ ತುರ್ಕಾನಾ ಪವನ ವಿದ್ಯುತ್ ಯೋಜನೆ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ತಲಾ 850 ಕಿಲೋವಾಟ್‌ನ 365 ಗಾಳಿಯಂತ್ರಗಳು, ಒಟ್ಟು 310 ಮೆಗಾವಾಟ್. ಅವುಗಳನ್ನು ಸಾಗಿಸಲು 208 ಕಿ.ಮೀ. ರಸ್ತೆಯನ್ನೇ ಮೊದಲು ದುರಸ್ತಿ ಮಾಡಬೇಕಾಯಿತು. ಖಾಸಗಿಯವರ ಯಂತ್ರಗಳು 2017ರಲ್ಲೇ ಎದ್ದು ನಿಂತವು. ವಿದ್ಯುತ್ತನ್ನು ನೈರೋಬಿ ಕಡೆಯ ಸುಸ್ವಾ ಉಪಕೇಂದ್ರಕ್ಕೆ ತರುವ 428 ಕಿ.ಮೀ. ಲೈನ್ ಎಳೆಯುವ ಹೊಣೆ ಸರ್ಕಾರದ್ದು. ಲೈನ್ ಹಾದುಹೋಗುವ ಜಮೀನಿನ ಪರಿಹಾರದ ತಗಾದೆ ಒಂದು ಕಡೆ, ಸ್ಪೇನಿನ ಗುತ್ತಿಗೆದಾರ ದಿವಾಳಿಯಾದದ್ದು ಇನ್ನೊಂದು ಕಡೆ. ಲೈನ್ ಚಾಲೂ ಆದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಗಾಳಿ ಬೀಸುತ್ತಿತ್ತು, ಮನೆಗೆ ಕರೆಂಟ್ ಬರಲಿಲ್ಲ, ಆದರೂ ಸರ್ಕಾರ ದಂಡ ತೆರಬೇಕಾಯಿತು. 'ತಯಾರಾಗಬಹುದಾಗಿದ್ದ ವಿದ್ಯುತ್ತಿಗೂ ದುಡ್ಡು' ಎಂಬ ಷರತ್ತು ಇಲ್ಲದಿದ್ದರೆ ಸಾಲ ಕೊಡುವವರು ಸಹಿ ಹಾಕುವುದಿಲ್ಲ, ಅದು ನ್ಯಾಯವೂ ಹೌದು. ತಪ್ಪು ಇರುವುದು, ಜಮೀನು ಕೈಗೆ ಬರುವ ಮುಂಚೆಯೇ ಸರ್ಕಾರ ಲೈನಿನ ದಿನಾಂಕಕ್ಕೆ ಒಪ್ಪಿಕೊಂಡದ್ದರಲ್ಲಿ. ಜಮೀನಿನ ಕಥೆ ಅಲ್ಲಿಗೂ ಮುಗಿಯಲಿಲ್ಲ. ಗಾಳಿಯಂತ್ರಗಳಿರುವ 1,50,000 ಎಕರೆಯ ಹಕ್ಕುಪತ್ರ ಕಾನೂನುಬದ್ಧವಾಗಿ ಆಗಿಲ್ಲ ಎಂದು 2021ರಲ್ಲಿ ಮೇರು ಪಟ್ಟಣದ ನ್ಯಾಯಾಲಯ ತೀರ್ಪು ಕೊಟ್ಟಿತು.

ಇಂಥ ಹೊಣೆಗಳು ಬಜೆಟ್ ಪುಸ್ತಕದಲ್ಲಿ ಸಾಲ ಎಂದು ಕಾಣಿಸಿಕೊಳ್ಳುವುದಿಲ್ಲ. ಖಾತರಿ ಪತ್ರ ಕಪಾಟಿನಲ್ಲಿ ಇರುತ್ತದೆ, ಎಡವಟ್ಟಾದ ದಿನ ಹೊರಗೆ ಬರುತ್ತದೆ. ಕೀನ್ಯಾ 2013ರ ಪಿಪಿಪಿ (ಸರ್ಕಾರ-ಖಾಸಗಿ ಸಹಭಾಗಿತ್ವ) ಕಾಯ್ದೆಯನ್ನು ಬದಲಿಸಿ 2021ರಲ್ಲಿ ಹೊಸದನ್ನು ತಂದಿತು. ಟೆಂಡರ್ ಇಲ್ಲದೆ ಖಾಸಗಿಯವರೇ ಪ್ರಸ್ತಾವ ಹೊತ್ತು ತರುವ ದಾರಿಯೂ ಅದರಲ್ಲಿದೆ. ಕೆಲಸ ಬೇಗ ಆಗುತ್ತದೆ, ನಿಜ. ಪೈಪೋಟಿ ಇಲ್ಲದ ಕಡೆ ಬೆಲೆ ಸರಿಯೋ ತಪ್ಪೋ ಎಂದು ಜನರಿಗೆ ತೋರಿಸಿಕೊಡುವುದು ಮಾತ್ರ ಕಷ್ಟ. ನೈರೋಬಿ ವಿಮಾನ ನಿಲ್ದಾಣವನ್ನು 30 ವರ್ಷಕ್ಕೆ ವಹಿಸಿಕೊಳ್ಳುವ ಅದಾನಿ ಸಮೂಹದ ಪ್ರಸ್ತಾವ ಬಂದದ್ದು ಇದೇ ದಾರಿಯಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ನಿಲ್ದಾಣದ ನೌಕರರು ಮುಷ್ಕರ ಹೂಡಿದರು, ನ್ಯಾಯಾಲಯ ತಡೆ ಕೊಟ್ಟಿತು. ನವೆಂಬರ್ 21ರಂದು, ಅಮೆರಿಕದಲ್ಲಿ ಆ ಸಮೂಹದ ಮುಖ್ಯಸ್ಥರ ಮೇಲೆ ಆರೋಪಪಟ್ಟಿ ಹೊರಬಿದ್ದ ಬೆನ್ನಿಗೇ, ಅಧ್ಯಕ್ಷ ರೂಟೋ ಅದನ್ನು ಕೈಬಿಟ್ಟರು. ಅದೇ ಸಮೂಹದ ಜೊತೆಗಿನ 736 ಮಿಲಿಯನ್ ಡಾಲರಿನ ವಿದ್ಯುತ್ ಲೈನ್ ಒಪ್ಪಂದವೂ ಅಂದೇ ರದ್ದಾಯಿತು.

ಕೀನ್ಯಾದ ಹೆದ್ದಾರಿ, ವಿದ್ಯುತ್ ಲೈನ್ ಯೋಜನೆಗಳಲ್ಲಿ ಕೆಲಸಕ್ಕೆ ಬರಬೇಕೆಂದಿರುವ ನಮ್ಮ ಎಂಜಿನಿಯರುಗಳು ಗಮನಿಸಬೇಕಾದ ಮಾತೊಂದಿದೆ. ಪತ್ರಿಕೆಯಲ್ಲಿ ಸಹಿ ಹಾಕಿದ ಫೋಟೊ ಬಂದರೆ ಕೆಲಸ ಶುರುವಾಯಿತು ಎಂದಲ್ಲ. ಸಾಲದ ಷರತ್ತುಗಳೆಲ್ಲ ಪೂರೈಸಿ ಬ್ಯಾಂಕುಗಳು ಹಣ ಬಿಡಲು ಒಪ್ಪುವ ಹಂತಕ್ಕೆ ಫೈನಾನ್ಷಿಯಲ್ ಕ್ಲೋಸ್ ಎನ್ನುತ್ತಾರೆ. ರಿರೋನಿ–ಮಾವು ಸಮ್ಮಿಟ್‌ಗೆ 2020ರಲ್ಲೇ ಫ್ರೆಂಚ್ ಕಂಪನಿಗಳ ಕೂಟದ ಜೊತೆ ಸಹಿಯಾಗಿತ್ತು. ವಾಹನ ಕಡಿಮೆಯಾದರೆ ನಷ್ಟ ಯಾರ ಪಾಲಿಗೆ ಎಂಬ ಜಗ್ಗಾಟದಲ್ಲಿ ವರ್ಷಗಳು ಕಳೆದು, ಕೊನೆಗೆ ಆ ಒಪ್ಪಂದವೇ ಬಿದ್ದುಹೋಯಿತು. ಆಫರ್ ಲೆಟರ್ ಬಂದಾಗ ಮೂರು ವಿಷಯ ಬರವಣಿಗೆಯಲ್ಲೇ ಕೇಳಿ: ಫೈನಾನ್ಷಿಯಲ್ ಕ್ಲೋಸ್ ಆಗಿದೆಯೇ, ಜಮೀನು ಎಷ್ಟು ಕಿಲೋಮೀಟರ್‌ವರೆಗೆ ಹಸ್ತಾಂತರವಾಗಿದೆ, ಸಂಬಳ ಕೊಡುವುದು ಎಸ್‌ಪಿವಿಯೋ ಅದರ ಕೆಳಗಿನ ಗುತ್ತಿಗೆದಾರನೋ. ಮೊದಲ ಪ್ರಶ್ನೆಗೆ 'ಸದ್ಯದಲ್ಲೇ' ಎಂಬ ಉತ್ತರ ಬಂದರೆ ಊರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.