ಕೊನೇ ಸ್ಥಾನದ ಟೀಮಿಗೆ ಅಷ್ಟು ದುಬಾರಿ ಕೀಪರ್ ಯಾಕೆ ಮಾರಾಯ್ರೆ

ನಮ್ಮ ಭಾವನಿಗೂ ನನಗೂ ಒಂದು ಜಗಳ ಉಂಟು. 2024ರ ಸೋಣ ತಿಂಗಳಲ್ಲಿ ಶುರುವಾದದ್ದು, ಮರುವರ್ಷ ಪುನಃ ಆಟಿ ಮಳೆ ಬಂತು, ಇದು ಮಾತ್ರ ಮುಗೀಲಿಲ್ಲ. ಆಸ್ತಿ ಪಾಲಿನ ವಿಷಯ ಅಂತ ಗ್ರಹಿಸ್ಬೇಡಿ, ಐಸ್ ಹಾಕಿ ವಿಷಯ. ಅಕ್ಕ ಭಾವ ಇರೋದು ಅಮೆರಿಕದ ಸ್ಯಾನ್ ಹೋಸೆಯಲ್ಲಿ, ಎನ್‌ಎಚ್‌ಎಲ್ ಅಂತ ಅಲ್ಲಿಯ ದೊಡ್ಡ ಐಸ್ ಹಾಕಿ ಲೀಗಲ್ಲಿ ಆ ಊರಿನ ಟೀಮು ಶಾರ್ಕ್ಸ್, ಭಾವ ಅದರ ಕಟ್ಟಾ ಅಭಿಮಾನಿ, ನನಗೂ ಈ ಹುಚ್ಚು ಹಿಡಿಸಿದ್ದು ಅವರೇ. ಅಲ್ಲಿ ಸಂಜೆ ಏಳಕ್ಕೆ ಮ್ಯಾಚ್ ಅಂದ್ರೆ ನಮಗೆ ಇಲ್ಲಿ ಬೆಳಿಗ್ಗೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ, ನೀರ್‌ದೋಸೆ ತಿನ್ತಾ ಫೋನಲ್ಲಿ ನೋಡ್ಲಿಕ್ಕೆ ಸರಿಯಾದ ಟೈಮು. ಮಂಗಳೂರಲ್ಲಿ ಐಸ್ ಅಂದ್ರೆ ದಕ್ಕೆಯಲ್ಲಿ ಬಂಗುಡೆ ಮೇಲೆ ಸುರಿಯುವಂತದ್ದು, ಅದ್ರ ಮೇಲೆ ನಿಂತು ಹಾಕಿ ಆಡ್ತಾರಾ ಅಂತ ಅಮ್ಮ ಈಗ್ಲೂ ನಗಾಡ್ತಾರೆ, ಹೋಗ್ಲಿ.

ವಿಷಯ ಎಂತ ಅಂದ್ರೆ, ಶಾರ್ಕ್ಸ್ 2023-24ರಲ್ಲಿ 82 ಮ್ಯಾಚಲ್ಲಿ ಗೆದ್ದದ್ದು 19. ಒಟ್ಟು 47 ಪಾಯಿಂಟು, 32 ಟೀಮಲ್ಲಿ ಕೊನೆ. ಹಾಗಂತ ಇದು ತಿಳಿಯದೆ ಬಿದ್ದದ್ದಲ್ಲ, ಹಳೇ ಸ್ಟಾರ್‌ಗಳನ್ನೆಲ್ಲ ಒಬ್ಬೊಬ್ಬರನ್ನೇ ಕಳಿಸಿ, ಬದಲಿಗೆ ಸಣ್ಣ ಪ್ರಾಯದ ಹುಡುಗರನ್ನೂ ಡ್ರಾಫ್ಟ್ ಪಿಕ್‌ಗಳನ್ನೂ ಒಟ್ಟು ಮಾಡ್ತಾ ಇದ್ರು, ಇದಕ್ಕೆ ಅಲ್ಲಿ ರೀಬಿಲ್ಡ್ ಅಂತಾರೆ. ಡ್ರಾಫ್ಟ್ ಅಂದ್ರೆ ಪ್ರತಿ ವರ್ಷ ಟೀಮುಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವುದು, ಆ ಸರದಿಯೇ ಪಿಕ್, ಸೋತ ಟೀಮುಗಳಿಗೆ ಮುಂದಿನ ಸರದಿ, ಗೆದ್ದವರಿಗೆ ಕಡೆಯದ್ದು. ಆ ಸೋಲಿನ ಫಲವಾಗಿ 2024ರ ಡ್ರಾಫ್ಟಲ್ಲಿ ಮೊದಲ ಪಿಕ್ ಸಿಕ್ಕಿ ಮ್ಯಾಕ್ಲಿನ್ ಸೆಲೆಬ್ರಿನಿ ಬಂದ. ಎಲ್ಲರೂ ಖುಷಿಯಲ್ಲಿ ಇರುವಾಗ ಆಗಸ್ಟ್ 23ಕ್ಕೆ ಇವರು ನ್ಯಾಶ್‌ವಿಲ್‌ನಿಂದ ಯಾರೊಸ್ಲಾವ್ ಆಸ್ಕರೋವ್ ಅಂತ 22 ವರ್ಷದ ರಷ್ಯನ್ ಗೋಲ್‌ಕೀಪರನ್ನು ಟ್ರೇಡಲ್ಲಿ, ಅಂದ್ರೆ ಅದಲುಬದಲಲ್ಲಿ ತಂದ್ರು. ಕೊಟ್ಟದ್ದು ಮೊದಲ ರೌಂಡಿನ ಒಂದು ಪಿಕ್, ಡೇವಿಡ್ ಎಡ್‌ಸ್ಟ್ರಾಮ್ ಅಂತ ಒಳ್ಳೇ ಸೆಂಟರ್ ಹುಡುಗ, ಮತ್ತೊಬ್ಬ ಕೀಪರ್.

ಭಾವನ ಫೋನ್ ಬಂತು. "ಗೋಲು ಹಾಕ್ಲಿಕ್ಕೆ ಜನ ಇಲ್ಲ, ಡಿಫೆನ್ಸ್ ಅಂತೂ ಕೇಳುವುದೇ ಬೇಡ, ಇವರಿಗೆ ಕೀಪರ್ ಬೇಕಂತೆ ಮಾರಾಯ! ಮನೆ ಪಂಚಾಂಗ ಹಾಕುವ ಮೊದ್ಲೇ ಬಾಗಿಲಿಗೆ ತೇಗ ತಂದಿಟ್ಟ ಹಾಗೆ."

ನಾನು ಅಂದೆ, ಭಾವ, ನೀವು ಕೊಟ್ಟದ್ದನ್ನು ಮಾತ್ರ ಲೆಕ್ಕ ಹಾಕ್ತೀರಿ, ಅದು ಎಲ್ಲಿಂದ ಬಂದದ್ದು ನೋಡಿ. ಆ ಪಿಕ್ ಶಾರ್ಕ್ಸ್‌ದ್ದೇ ಸ್ವಂತದ್ದಲ್ಲ, ವೇಗಸ್‌ದ್ದು. 2024 ಮಾರ್ಚಲ್ಲಿ ಟೊಮಾಸ್ ಹರ್ಟ್ಲನ್ನು ವೇಗಸ್‌ಗೆ ಕೊಟ್ಟಾಗ ಸಿಕ್ಕಿದ್ದು, ಎಡ್‌ಸ್ಟ್ರಾಮ್ ಕೂಡ ಅದೇ ಟ್ರೇಡಲ್ಲಿ ಬಂದವ. ವೇಗಸ್ ಗಟ್ಟಿ ಟೀಮು, ಅವರ ಪಿಕ್ ಅಂದ್ರೆ ರೌಂಡಿನ ಬಾಲದಲ್ಲಿ ಬೀಳುವಂತದ್ದು. ತಮ್ಮ ಸ್ವಂತ ಪಿಕ್, ಅಂದ್ರೆ ಕೊನೇ ಸ್ಥಾನಕ್ಕೆ ಸಿಗುವ ಬಂಗಾರದಂತಹ ಪಿಕ್ಕು, ಅದನ್ನು ಮುಟ್ಲೇ ಇಲ್ಲ. ಹಾಗಾದ್ರೆ ಲೆಕ್ಕ ಸುಮಾರಾಗಿ ಹರ್ಟ್ಲ್ ಹೋಗಿ ಆಸ್ಕರೋವ್ ಬಂದ ಅಂತ. ಮೂವತ್ತು ದಾಟಿದ, ದೊಡ್ಡ ಕಾಂಟ್ರಾಕ್ಟ್ ಇದ್ದ ಆಟಗಾರ ಹೋಗಿ 22ರ ಕೀಪರ್ ಬಂದ. ಭಾವನಿಗೆ ಇದು ಒಪ್ಪಿಗೆಯೇ ಇಲ್ಲ ಯಾಕಂದ್ರೆ ಅವರಿಗೆ ಹರ್ಟ್ಲ್ ಅಂದ್ರೆ ಜೀವ, ಅವನ ಹೆಸರು ಬಂದ ಕೂಡ್ಲೇ ಸ್ವರ ಬದಲಾಗ್ತದೆ, ಆಮೇಲೆ ಲೆಕ್ಕಾಚಾರ ನಡೆಯುವುದಿಲ್ಲ.

ಆ ಆಗಸ್ಟಲ್ಲಿ ನಮ್ಮಲ್ಲಿ ಕೂಡ ಕೀಪರ್ ಮಾತೇ. 8ಕ್ಕೆ ಪ್ಯಾರಿಸ್ ಒಲಿಂಪಿಕ್ಸಲ್ಲಿ ಸ್ಪೇನ್ ವಿರುದ್ಧ 2-1 ಗೆದ್ದು ನಮ್ಮ ಹಾಕಿ ಟೀಮಿಗೆ ಕಂಚು ಬಂತು, ಕೀಪರ್ ಶ್ರೀಜೇಶ್ ರಿಟೈರ್ ಆದ್ರು, ಹಾಕಿ ಇಂಡಿಯಾ ಅವರ 16 ನಂಬರ್ ಜರ್ಸಿಯನ್ನೇ ಎತ್ತಿಟ್ಟಿತು. ಕಂಕನಾಡಿಯಲ್ಲಿ ನನ್ನ ಒಬ್ಬ ಫ್ರೆಂಡ್ ಇದ್ದಾನೆ, ಕಾಲೇಜ್ ಟೀಮಲ್ಲಿ ಪ್ಯಾಡ್ ಕಟ್ಟಿದವ, ಐಸ್ ಹಾಕಿ ನೋಡುವುದಿಲ್ಲ ಆದ್ರೆ ಕೀಪರ್ ವಿಷಯ ಅಂದ್ರೆ ಸಾಕು. ಅವನ ವಾದ ಸೀದಾ: ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲಲ್ಲಿ ರೋಹಿದಾಸ್‌ಗೆ ರೆಡ್ ಕಾರ್ಡ್ ಆಗಿ ಹತ್ತೇ ಜನ ಉಳಿದ್ರಲ್ಲ, ಅಷ್ಟು ಹೊತ್ತು 1-1ರಲ್ಲಿ ಹಿಡಿದು ನಿಲ್ಲಿಸಿ ಶೂಟೌಟಿಗೆ ತಂದದ್ದು ಯಾರು, ಶ್ರೀಜೇಶ್ ಸೀನಿಯರ್ ಟೀಮಿಗೆ ಬಂದದ್ದು 2006ರಲ್ಲಿ, ಆಮೇಲೆ ಎಷ್ಟು ವರ್ಷ ಬೆಂಚಲ್ಲಿ ಕೂತು ಕಲಿತ್ರು, ಟೀಮು ಒಳ್ಳೇದಾದ ಮೇಲೆ ಕೀಪರ್ ಹುಡುಕ್ತೇನೆ ಅಂದ್ರೆ ಅಂತವ ಅಂಗಡಿಯಲ್ಲಿ ಸಿಗ್ತಾನಾ?

ಭಾವನಿಗೆ ಇದನ್ನು ಹೇಳಿದ್ರೆ ಬೇರೆಯೇ ಉತ್ತರ. ಕೀಪರ್‌ಗಳು ಎಲ್ಲಿಂದ ಬೇಕಾದ್ರೂ ಬರ್ತಾರೆ, ಅದಕ್ಕೆ ಮೊದಲ ರೌಂಡ್ ಪಿಕ್ ಹಾಳು ಮಾಡ್ಬಾರ್ದು ಅಂತ. ಈ ಮಾತಲ್ಲಿ ತೂಕ ಉಂಟು, ಇಲ್ಲ ಅನ್ಲಿಕ್ಕಾಗುದಿಲ್ಲ. ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೇ ಪಿಕ್ಕು. ಅದೇ ವರ್ಷ ಎಲ್ಲರಿಗಿಂತ ಮೊದಲು ಆರಿಸಿದ್ದು ಯಾರನ್ನು, ರಿಕ್ ಡಿಪಿಯೆಟ್ರೊ ಅಂತ ಕೀಪರನ್ನು, ಆಮೇಲೆ 15 ವರ್ಷದ ಕಾಂಟ್ರಾಕ್ಟ್ ಬೇರೆ ಕೊಟ್ರು, ಗಾಯದ ಮೇಲೆ ಗಾಯ ಆಗಿ ಅದು ನೀರಲ್ಲಿ ಹೋಮ ಆಯ್ತು. ಕಾನರ್ ಹೆಲೆಬಕ್ 130ನೇ ಪಿಕ್ಕು, 2025ರಲ್ಲಿ ಅವನಿಗೆ ಬೆಸ್ಟ್ ಕೀಪರ್‌ದ್ದು ಮಾತ್ರ ಅಲ್ಲ, ಲೀಗಿನ ಬೆಸ್ಟ್ ಆಟಗಾರ ಅಂತ ಹಾರ್ಟ್ ಟ್ರೋಫಿಯೂ ಬಂತು. ನ್ಯಾಶ್‌ವಿಲ್‌ನ ಪೆಕ್ಕಾ ರಿನ್ನೆ 258, ಅವನ ನಂತರದ ಯೂಸ್ ಸಾರೋಸ್ 99. ಆಸ್ಕರೋವ್ 2020ರಲ್ಲಿ 11ನೇ ಪಿಕ್ಕು, ಹಾಗಾಗಿ ಹೆಸರು ದೊಡ್ಡದು, ರೇಟೂ ದೊಡ್ಡದು.

ಆದ್ರೆ ಇದೇ ಪಟ್ಟಿಯನ್ನು ನಾನು ಉಲ್ಟಾ ಓದುವುದು. 18ರ ಪ್ರಾಯದಲ್ಲಿ ಕೀಪರ್ ಯಾರು ಹೇಗೆ ಆಗ್ತಾನೆ ಅಂತ ಯಾರಿಗೂ ಹೇಳ್ಲಿಕ್ಕಾಗುದಿಲ್ಲ ಅಂತ ತಾನೇ ಇದರ ಅರ್ಥ? ಹಾಗಾದ್ರೆ 22ಕ್ಕೆ, ನಾಲ್ಕು ವರ್ಷ ದೊಡ್ಡವರ ಜೊತೆ ಆಡಿ, ಕೆಳಗಿನ ಲೀಗಲ್ಲಿ ಗೆದ್ದು ತೋರಿಸಿದವನನ್ನು ತಂದ್ರೆ ಆ ಲಾಟರಿಯ ಅರ್ಧ ಭಾಗ ಬೇರೆಯವರ ಖರ್ಚಲ್ಲೇ ಮುಗಿದಿದೆ.

ಉಡುಪಿಯಲ್ಲಿ ನನ್ನ ಮಾವ ಒಬ್ಬರಿದ್ದಾರೆ, ಅಮ್ಮನ ಅಣ್ಣ, ಹಾಕಿಯ ಗಂಧಗಾಳಿ ಇಲ್ಲ. ಮನೆಗೆ ಹೋದಾಗ ಭಾವ ವಿಡಿಯೋ ಕಾಲಲ್ಲಿ ಬೊಬ್ಬೆ ಹಾಕ್ತಾ ಇದ್ದದ್ದು ಕೇಳಿ ಕೇಳಿ, "ಅಲ್ಲ ಮಗಾ, ಅಷ್ಟು ಒಳ್ಳೆ ಹುಡುಗ ಆದ್ರೆ ಅವರು ಬಿಟ್ಟದ್ದು ಎಂತಕ್ಕೆ?" ಅಂತ ಕೇಳಿದ್ರು. ಇಡೀ ಜಗಳದಲ್ಲಿ ಕೇಳ್ಬೇಕಾದ ಪ್ರಶ್ನೆ ಅದು, ನಾವಿಬ್ಬರೂ ಕೇಳಿರ್ಲಿಲ್ಲ. ವಿಷಯ ಹೇಳಿದೆ, 2024 ಜುಲೈ 1ಕ್ಕೆ ನ್ಯಾಶ್‌ವಿಲ್ ಸಾರೋಸ್‌ಗೆ ಇನ್ನೂ 8 ವರ್ಷದ ಕಾಂಟ್ರಾಕ್ಟ್ ಕೊಟ್ಟಿತು, ವರ್ಷಕ್ಕೆ 77.4 ಲಕ್ಷ ಡಾಲರ್, ಕೀಪರ್ ಅಂದ್ರೆ ಒಂದು ಸಲಕ್ಕೆ ಒಬ್ಬನೇ ನಿಲ್ಲುವಂತದ್ದು, ಹಾಗಾಗಿ ಹುಡುಗ ನನ್ನನ್ನು ಬೇರೆ ಕಡೆ ಕಳಿಸಿ ಅಂದ. ಮಾವನಿಗೆ ಕೂಡ್ಲೇ ಅರ್ಥ ಆಯ್ತು. "ಓ, ಯಕ್ಷಗಾನ ಮೇಳದಲ್ಲಿ ಪ್ರಧಾನ ಭಾಗವತರು ಗಟ್ಟಿ ಇದ್ರೆ ಎರಡನೇಯವನಿಗೆ ಪೂರ್ವರಂಗವೇ ಗತಿ, ತಿರುಗಾಟ ಮುಗಿದು ಪತ್ತನಾಜೆ ಆದ ಕೂಡ್ಲೇ ಅವ ಬೇರೆ ಮೇಳ ನೋಡ್ತಾನೆ. ಸರಿಯೇ ಅಲ್ವಾ ಅದು?" ನಮ್ಮ ಕಡೆಯವರಿಗೆ ಟ್ರೇಡ್ ಅಂದ್ರೆ ಎಂತ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ ನೋಡಿ, ಯಾವ ಭಾಗವತರು ಯಾವ ಮೇಳಕ್ಕೆ ಹೋದ್ರು ಅಂತ ಪ್ರತಿ ವರ್ಷ ಹೊಟೇಲಲ್ಲಿ ಚಾ ಆರುವವರೆಗೆ ವಾದ ಮಾಡುವ ಜನ.

ಭಾವನ ಹೆದರಿಕೆಗೆ ಹಿಂದಿನ ಕಾರಣವೂ ಉಂಟು ಬಿಡಿ. ಶಾರ್ಕ್ಸ್‌ದ್ದೂ ಕೀಪರ್‌ಗಳದ್ದೂ ಕತೆಯೇ ವಿಚಿತ್ರ. 2015ರಲ್ಲಿ ಬೋಸ್ಟನ್‌ಗೆ ಮೊದಲ ರೌಂಡ್ ಪಿಕ್ ಕೊಟ್ಟು ಮಾರ್ಟಿನ್ ಜೋನ್ಸನ್ನು ತಂದ್ರು, ಮರು ವರ್ಷವೇ ಸ್ಟ್ಯಾನ್ಲಿ ಕಪ್ ಫೈನಲ್, ಅಂದ್ರೆ ಲೀಗಿನ ಫೈನಲ್, ಪಿಟ್ಸ್‌ಬರ್ಗ್ ಎದುರು 4-2 ಸೋತ್ರೂ ಅಲ್ಲಿವರೆಗೆ ಹೋದದ್ದು ಅದೇ ಮೊದಲ ಸಲ. ಆಮೇಲೆ ಅವನಿಗೇ ಆರು ವರ್ಷದ ಕಾಂಟ್ರಾಕ್ಟ್ ಕೊಟ್ಟು, ಆಟ ಕುಸಿದು, 2021ರಲ್ಲಿ ದುಡ್ಡು ಕೊಟ್ಟು ಕಳಿಸ್ಬೇಕಾಯ್ತು. ಅದಕ್ಕಿಂತ ಹಿಂದೆ 2003ರಲ್ಲಿ ಮೀಕಾ ಕಿಪ್ರುಸಾಫ್ ಅಂತ ಮೂರನೇ ಕೀಪರ್, ಜಾಗ ಇಲ್ಲ ಅಂತ ಎರಡನೇ ರೌಂಡ್ ಪಿಕ್ಕಿಗೆ ಕ್ಯಾಲ್ಗರಿಗೆ ಕೊಟ್ರು, ಆ ಪುಣ್ಯಾತ್ಮ ಅದೇ ಸೀಸನಲ್ಲಿ ಕ್ಯಾಲ್ಗರಿಯನ್ನು ಫೈನಲಿಗೆ ತಂದ, ದಾರಿಯಲ್ಲಿ ಸೋಲಿಸಿದ್ದು ಯಾರನ್ನು? ಶಾರ್ಕ್ಸನ್ನೇ. ಅಬ್ಬಾ ಎಂತ ನಷ್ಟ ಅಂತ ಎಲ್ಲರೂ ಬೈದ್ರು, ಆದ್ರೆ ಆ ಎರಡನೇ ರೌಂಡ್ ಪಿಕ್ಕಲ್ಲಿ 2005ಕ್ಕೆ ಬಂದದ್ದು ಮಾರ್ಕ್-ಎಡ್ವರ್ಡ್ ವ್ಲಾಸಿಕ್, ಶಾರ್ಕ್ಸ್‌ಗೆ 1,300ಕ್ಕೂ ಹೆಚ್ಚು ಮ್ಯಾಚ್ ಆಡಿದ ಡಿಫೆಂಡರ್. ಅವ ಟೀಮು ಬಿಟ್ಟದ್ದು 2025ರಲ್ಲಿ. ಇಪ್ಪತ್ತು ವರ್ಷ ಆಯ್ತು, ಆ ಟ್ರೇಡಲ್ಲಿ ಗೆದ್ದದ್ದು ಯಾರು ಅಂತ ಹೇಳಿ ನೋಡುವ.

ನನಗೆ ಮಂಡೆಬಿಸಿ ಇರೋದು ಬೆಲೆಯದ್ದಲ್ಲ. ಹುಡುಗನ ಎದುರು ಯಾರು ನಿಲ್ತಾರೆ ಅನ್ನೋದು. ದಿನಾ ಮೂವತ್ತೈದು ನಲ್ವತ್ತು ಶಾಟ್ ಬಿಡುವ ಡಿಫೆನ್ಸ್ ಹಿಂದೆ ನಿಂತ್ರೆ ಎಂತವನಿಗೂ ಕೆಟ್ಟ ಅಭ್ಯಾಸ ಹತ್ತುತ್ತದೆ, ಪ್ರತಿ ಶಾಟಿಗೂ ತಾನೇ ಮುಂದೆ ನುಗ್ಗಿ ಹೋಗುವುದು, ಆಚೆ ಪಾಸ್ ಆಗ್ತದೆ ಅಂತ ಮೊದ್ಲೇ ಜಾರುವುದು, ಇಂತದ್ದೆಲ್ಲ. ಕಂಕನಾಡಿ ಫ್ರೆಂಡ್ ಕೂಡ ಅದನ್ನೇ ಹೇಳುದು, ಡಿಫೆಂಡರ್ ಮೇಲೆ ನಂಬಿಕೆ ಇಲ್ಲದ ಕೀಪರ್ ತನ್ನ ಕೆಲಸ ಬಿಟ್ಟು ಎಲ್ಲರ ಕೆಲಸ ಮಾಡ್ಲಿಕ್ಕೆ ಹೋಗ್ತಾನೆ ಅಂತ. ಈ ವಿಷಯದಲ್ಲಿ ಶಾರ್ಕ್ಸ್ ಅವಸರ ಮಾಡ್ಲಿಲ್ಲ, ಮೊದಲ ವರ್ಷ ಆಸ್ಕರೋವನನ್ನು ಹೆಚ್ಚಾಗಿ ಅದೇ ಊರಲ್ಲಿರುವ ಅವರ ಕೆಳಗಿನ ಟೀಮು ಬ್ಯಾರಾಕುಡಾದಲ್ಲೇ ಆಡಿಸಿದ್ರು. ನಡುವಲ್ಲಿ ಡಿಸೆಂಬರಲ್ಲಿ ಮೆಕೆಂಜಿ ಬ್ಲ್ಯಾಕ್‌ವುಡನ್ನು ಕೊಲೊರಾಡೊಗೆ ಕೊಟ್ಟದ್ದಕ್ಕೆ ಭಾವ ಎರಡು ವಾರ ಮಾತಾಡ್ಲಿಲ್ಲ, ನಾನು ಕೊಟ್ಟದ್ದಾ ಅದು? ಸೀಸನ್ ಮುಗಿದಾಗ 20 ಗೆಲುವು, 52 ಪಾಯಿಂಟು, ಪುನಃ ಕೊನೆ. ನೋಡಿದ್ಯಾ ಅಂತ ಭಾವ. ಯಾವ ಕೀಪರ್ ಬಂದಿದ್ರೂ ಅಷ್ಟೇ ಆಗ್ತಿತ್ತು ಅಂತ ನಾನು.

2025 ಜುಲೈಯಲ್ಲಿ ಕಡೆಗೂ ಡಿಫೆನ್ಸಿಗೆ ಕೈ ಹಾಕಿದ್ರು. ಡಿಮಿಟ್ರಿ ಓರ್ಲೋವ್ ಎರಡು ವರ್ಷಕ್ಕೆ, ಕ್ಲಿಂಗ್‌ಬರ್ಗ್ ಒಂದು ವರ್ಷಕ್ಕೆ, ಲೆಡ್ಡಿ ವೇವರಲ್ಲಿ, ಅಂದ್ರೆ ಹಳೇ ಟೀಮು ಬಿಟ್ಟುಕೊಟ್ಟವನನ್ನು ಎತ್ತಿಕೊಂಡದ್ದು. ಎಲ್ಲ ಪ್ರಾಯ ಆದವರು, ಆದ್ರೆ ಪಕ್, ಅಂದ್ರೆ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ, ಅದನ್ನು ತೆಗೆದು ಸರಿಯಾಗಿ ಆಚೆ ಕೊಡ್ಲಿಕ್ಕೆ ಬರ್ತದೆ, ಹುಡುಗನಿಗೆ ಅಷ್ಟು ಸಾಕು ಸದ್ಯಕ್ಕೆ. ಅದರೊಟ್ಟಿಗೆ 2028ರ ಮೂರನೇ ರೌಂಡ್ ಪಿಕ್ ಕೊಟ್ಟು ಪಿಟ್ಸ್‌ಬರ್ಗ್‌ನಿಂದ ಇನ್ನೊಬ್ಬ ಕೀಪರ್ ಅಲೆಕ್ಸ್ ನೆಡೆಲ್ಕೊವಿಚ್‌ನನ್ನು ತಂದ್ರು, 2025 ಜನವರಿಯಲ್ಲಿ ಒಂದೇ ಮ್ಯಾಚಲ್ಲಿ ಗೋಲೂ ಹೊಡೆದು ಅಸಿಸ್ಟೂ ಮಾಡಿದ ಎನ್‌ಎಚ್‌ಎಲ್‌ನ ಮೊದಲ ಕೀಪರ್ ಅವ. ಭಾವನಿಗೆ ಈಗ ಹೊಸ ರಾಗ, ಅಷ್ಟು ಕೊಟ್ಟು ಆಸ್ಕರೋವನನ್ನು ತಂದ ಮೇಲೆ ಮತ್ತೊಬ್ಬ ಎಂತಕ್ಕೆ ಅಂತ. ನನ್ನ ಪ್ರಕಾರ 2025-26ರಲ್ಲಿ ಆಸ್ಕರೋವ್‌ಗೆ 50 ಮ್ಯಾಚ್ ಕೊಡ್ಬೇಕು, ಬೆನ್ನು ಬೆನ್ನಿಗೆ ಎರಡು ದಿನ ಮ್ಯಾಚ್ ಬಂದಾಗ ಒಂದು ನೆಡೆಲ್ಕೊವಿಚ್‌ಗೆ. ಭಾವ 40ರ ಮೇಲೆ ಒಂದೂ ಬೇಡ ಅಂತಾರೆ. ಅಂದ್ರೆ ನೋಡಿ, ಬೇಡವೇ ಬೇಡ ಅಂತಿದ್ದ ಕೀಪರ್‌ಗೆ ಈಗ ಅವರೇ ಸುಸ್ತಾಗ್ಬಾರ್ದು ಅಂತ ರೆಸ್ಟ್ ಕೇಳ್ತಾ ಇದ್ದಾರೆ.